ಖುದ್ದು ಬಂದು ಸಹಿ ಮಾಡತಕ್ಕದ್ದು

ಒಂಬತ್ತನೇ ಕಲಮನ್ನು ಯಾವ ಪುಣ್ಯಾತ್ಮ ಬರೆದನೋ ನನಗೆ ಗೊತ್ತಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾನು ಈ ವಿಭಾಗಕ್ಕೆ ಬಂದಾಗಲೇ ಅದು ಅಲ್ಲಿ ಬೇರು ಬಿಟ್ಟು ಕೂತಿತ್ತು. ಊರಿನ ಸಣ್ಣಪುಟ್ಟ ಕ್ರೀಡಾ ಸಂಘಗಳು ಸರ್ಕಾರದ ಸಹಾಯಧನ ಕೇಳಬೇಕಾದರೆ ಹದಿನಾಲ್ಕು ಪುಟದ ಅರ್ಜಿ ತುಂಬಬೇಕಿತ್ತು. ಹದಿಮೂರು ಪುಟ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಒಂಬತ್ತನೇ ಕಲಮು ಮಾತ್ರ ಎಲ್ಲರ ಕಾಲಿಗೂ ತೊಡರುತ್ತಿತ್ತು. ಆಡುವ ಜಾಗ ಸಂಘದ ಸ್ವಂತದ್ದಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಬೇಕು, ಆ ಪತ್ರ ಅರ್ಜಿಗಿಂತ ಮೂವತ್ತು ದಿನಕ್ಕೂ ಹಳೆಯದಾಗಿರಬಾರದು.

ಸ್ವಂತ ಜಾಗ ಇರುವ ಸಂಘ ಯಾವುದಿದೆ, ನೀವೇ ಹೇಳಿ. ಒಬ್ಬರು ಶಾಲೆಯ ಮೈದಾನದಲ್ಲಿ ಆಡುತ್ತಾರೆ, ಇನ್ನೊಬ್ಬರು ಕಾರ್ಖಾನೆಯ ಹಿಂದಿನ ಅಂಗಳದಲ್ಲಿ, ಮತ್ತೊಬ್ಬರು ಪುರಸಭೆಯ ಕೊಳದಲ್ಲಿ ಈಜುತ್ತಾರೆ. ಶಾಲೆಯ ಸಮಿತಿ ಸಭೆ ಸೇರುವುದು ಮೂರು ತಿಂಗಳಿಗೊಮ್ಮೆ, ಸೇರಿದಾಗಲೂ ಅರ್ಧ ಜನ ಬಂದಿರುವುದಿಲ್ಲ. ಹಾಗಾಗಿ ಅರ್ಜಿ ಸರಿಯಿದ್ದರೆ ಪತ್ರ ಹಳೆಯದು, ಪತ್ರ ಹೊಸದಾದರೆ ಅರ್ಜಿಯ ಗಡುವು ಮುಗಿದಿರುತ್ತಿತ್ತು. ಅಂಥವರು ಏನು ಮಾಡಬೇಕೆಂದು ಕಲಮಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಸಂಘದ ಕಾರ್ಯದರ್ಶಿಯು ಖುದ್ದು ಬಂದು ಸಂಬಂಧಪಟ್ಟ ಗುಮಾಸ್ತರ ಎದುರು ಸಹಿ ಮಾಡತಕ್ಕದ್ದು.

ಆ ಸಂಬಂಧಪಟ್ಟ ಗುಮಾಸ್ತೆ ನಾನೇ. ಮೂರನೇ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ. ಲಿಫ್ಟ್ ಇದೆ, ಕೆಲಸ ಮಾಡುವುದಿಲ್ಲ.

ನೂರು ಅರ್ಜಿ ಬಂದರೆ ಅರವತ್ತಕ್ಕೂ ಹೆಚ್ಚು ಕಾರ್ಯದರ್ಶಿಗಳು ಏದುಸಿರು ಬಿಡುತ್ತಾ ನನ್ನೆದುರು ಬಂದು ಕೂರುತ್ತಿದ್ದರು. ಕಾರ್ಯದರ್ಶಿ ಎಂದರೆ ಕೋಟು ಹಾಕಿದವರನ್ನು ಊಹಿಸಿಕೊಳ್ಳಬೇಡಿ. ಬಸ್ ಕಂಡಕ್ಟರು, ಬಣ್ಣ ಬಳಿಯುವವರು, ಬ್ರೆಡ್ಡು ಮಾರುವ ಹೆಂಗಸು. ಕೆಲಸಕ್ಕೆ ರಜೆ ಹಾಕಿ, ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು, ಮುಖದಲ್ಲಿ ತಪ್ಪು ಮಾಡಿದವರ ಕಳೆ ಹೊತ್ತು ಬರುತ್ತಿದ್ದರು. ನಾನು ಮೊದಲು ಒಂದಿಷ್ಟು ಗದರುತ್ತಿದ್ದೆ. ಗದರದಿದ್ದರೆ ಕಚೇರಿಗೆ ಮರ್ಯಾದೆ ಎಲ್ಲಿದೆ? ಆಮೇಲೆ ನೀರು ಕೊಡುತ್ತಿದ್ದೆ. ಅದಾದ ಮೇಲೆ ಆಟದ ಸುದ್ದಿ ಕೇಳುತ್ತಿದ್ದೆ.

ಹನ್ನೊಂದು ವರ್ಷದಿಂದ ತಪ್ಪದೆ ಬರುತ್ತಿದ್ದವನು ಬೀಗ ರಿಪೇರಿ ಮಾಡುವ ಒಬ್ಬ ಮನುಷ್ಯ. ಅವನದು ವಾಲಿಬಾಲ್ ಸಂಘ. ಕಾರ್ಯದರ್ಶಿಯೂ ಅವನೇ, ಕೋಚೂ ಅವನೇ, ನೆಟ್ಟು ಹರಿದರೆ ಹೊಲಿಯುವವನೂ ಅವನೇ. ಉಗುರಿನ ಸಂದಿಯಲ್ಲಿ ಯಾವಾಗಲೂ ಕಬ್ಬಿಣದ ಪುಡಿ.

"ಏನ್ ಮೇಡಂ, ಈ ಸಲ ಯಾವ್ ತಪ್ಪು ಸಿಕ್ತು?" ಎಂದು ಬಾಗಿಲಿನಿಂದಲೇ ಕೇಳುತ್ತಿದ್ದ.

"ಬನ್ನಿ, ಕೂತ್ಕೊಳ್ಳಿ. ತಪ್ಪಿಗೇನ್ ಬರ ಇಲ್ಲ. ಮೊದ್ಲು ಹೇಳಿ, ಗೆದ್ರಾ?"

"ಎಲ್ಲಿಂದ ಗೆಲ್ಲೋದು? ಎದುರಿನವ್ರು ತೆಂಗಿನ ಮರದ್ ಥರ ಇದ್ರು. ನಮ್ಮೋರು ನೆಟ್ಟಿನ ಕೆಳಗಿಂದ ನೋಡ್ತಾ ನಿಂತ್ಬಿಟ್ರು."

ನನಗೆ ವಾಲಿಬಾಲ್ ಕಲಿಸಿದವನು ಅವನೇ. ನನ್ನ ಮೇಜಿನ ಮೇಲೆ ಸ್ಟೇಪ್ಲರನ್ನು ನೆಟ್ಟು ಮಾಡಿ, ಆಚೆಗೆ ಆರು, ಈಚೆಗೆ ಆರು ಪಿನ್ನು ನಿಲ್ಲಿಸಿ, ಒಂದು ಸೆಟ್ಟಿಗೆ ಇಪ್ಪತ್ತೈದು ಪಾಯಿಂಟು, ಎರಡರ ಅಂತರ ಇರಬೇಕು ಎಂದೆಲ್ಲ ಹೇಳಿಕೊಟ್ಟಿದ್ದ. ನಾನು ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿದವಳಲ್ಲ. ಆದರೂ ಅವನ ತಂಡದ ಎತ್ತರದ ಹುಡುಗನಿಗೆ ಎಡಗೈ ಸೋಲುತ್ತದೆಂದು ನನಗೆ ಗೊತ್ತಿತ್ತು. ಈ ಬೀಗದವನ ಮಂಡಿ ನೋವಿನ ಬಗ್ಗೆ ನಾನು ಮನೆಯಲ್ಲಿ ಕೂತು ಚಿಂತೆ ಮಾಡಿದ್ದೂ ಉಂಟು.

ಮನೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಮನೆಯಲ್ಲಿ ನಾನೊಬ್ಬಳೇ. ಎರಡು ಕೋಣೆ, ಕೆಳಗೆ ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿ. ಅಣ್ಣ ಊರಿನ ಇನ್ನೊಂದು ತುದಿಯಲ್ಲಿದ್ದಾನೆ. ವಾರಕ್ಕೊಂದು ಸಲ ಗಾಡಿ ಓಡಿಸುತ್ತಾ ಫೋನು ಮಾಡಿ "ಊಟ ಆಯ್ತಾ, ಹುಷಾರಾಗಿದೀಯ ತಾನೇ?" ಎನ್ನುತ್ತಾನೆ, ಸಿಗ್ನಲ್ ಹಸಿರಾದ ಕೂಡಲೇ ಇಟ್ಟುಬಿಡುತ್ತಾನೆ. ಅತ್ತಿಗೆ ಒಳ್ಳೆಯವಳು, ಆದರೆ ಅವಳಿಗೆ ನನ್ನ ಹತ್ತಿರ ಮಾತಾಡುವುದಕ್ಕೆ ಏನೂ ಇರುವುದಿಲ್ಲ. ಅವರ ಮಗಳು ಮೊದಲು "ಅತ್ತೆ, ಅತ್ತೆ" ಎಂದು ಸೆರಗು ಬಿಡುತ್ತಿರಲಿಲ್ಲ, ಈಗ ಅವಳಿಗೂ ಅವಳದೇ ಸಂಸಾರ. ಶನಿವಾರ ಮಧ್ಯಾಹ್ನ ಕಚೇರಿಗೆ ಬೀಗ ಬಿದ್ದರೆ ಸೋಮವಾರ ಬೆಳಿಗ್ಗೆವರೆಗೆ ನನ್ನ ಗಂಟಲಿಗೆ ಕೆಲಸವೇ ಇಲ್ಲ. ಎಷ್ಟೋ ಸೋಮವಾರ ಜವಾನನಿಗೆ "ಕಿಟಕಿ ತೆಗಿಯಪ್ಪಾ" ಎನ್ನುವಾಗ ಧ್ವನಿ ಕಟ್ಟಿಕೊಂಡು ಹೊರಟಿದೆ.

ಈಗ ಇನ್ನೊಂದು ಮಾತನ್ನೂ ಹೇಳಲೇಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂಬತ್ತನೇ ಕಲಮನ್ನು ಸರಿಪಡಿಸುವುದು ಹೇಗೆಂದು ನನಗೆ ಗೊತ್ತಿತ್ತು. ಒಮ್ಮೆ ಕೊಟ್ಟ ಒಪ್ಪಿಗೆ ಪತ್ರ ಮೂರು ವರ್ಷ ನಡೆಯುತ್ತದೆ ಎಂದು ಒಂದು ಸಾಲು. ಹೊಸ ಪತ್ರ ತಡವಾದರೆ ಆಮೇಲೆ ಅದರ ಫೋಟೋ ಕಳಿಸಿದರೆ ಸಾಕು ಎಂದು ಇನ್ನೊಂದು ಸಾಲು. ಎರಡು ಸಾಲಿನ ಕೆಲಸ. ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅಷ್ಟೇ ಅಲ್ಲ, ಒಂದೆರಡು ಸಲ ಬೀಗದವನು ಎಲ್ಲವನ್ನೂ ಸರಿಯಾಗಿಯೇ ತಂದಿದ್ದಾಗ "ಮೊಹರು ಮಸುಕಾಗಿದೆ, ಮುಂದಿನ ವಾರ ಇನ್ನೊಂದ್ಸಲ ಬನ್ನಿ" ಎಂದು ಕಳಿಸಿದ್ದೂ ಇದೆ. ಮೊಹರು ಚೆನ್ನಾಗಿಯೇ ಇತ್ತು.

ಹೋದ ವರ್ಷ ಹೊಸ ಅಧಿಕಾರಿ ಬಂದರು. ವಯಸ್ಸು ಮೂವತ್ತು ದಾಟಿದೆಯೋ ಇಲ್ಲವೋ. ಬಂದ ದಿನವೇ ಗೋಡೆಗೊಂದು ಬಿಳಿ ಹಲಗೆ ಹೊಡೆಸಿ, ಅರ್ಜಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಎಂದು ಬಾಣದ ಗುರುತು ಹಾಕತೊಡಗಿದರು. ನಾವು ಅವರಿಗೆ ಬಾಣದ ಸಾಹೇಬರು ಎಂದು ಹೆಸರಿಟ್ಟೆವು. ಒಂದು ವಾರ ಬಾಣ ಬರೆದ ಮೇಲೆ ಎಲ್ಲ ಬಾಣವೂ ನನ್ನ ಮೇಜಿನ ಹತ್ತಿರ ಬಂದು ಗಂಟು ಬಿದ್ದಿದ್ದು ಅವರಿಗೆ ಕಂಡಿತು.

"ಅರವತ್ಮೂರು ಅರ್ಜಿ ಇಲ್ಲೇ ನಿಲ್ತವೆ. ಯಾಕಮ್ಮಾ?" ಎಂದರು. ಮೇಡಂ ಎನ್ನಲಿಲ್ಲ, ಅಮ್ಮಾ ಎಂದರು. ದನಿಯಲ್ಲಿ ದರ್ಪ ಎಳ್ಳಷ್ಟೂ ಇರಲಿಲ್ಲ.

"ಜನ ಸರಿಯಾಗಿ ಓದಲ್ಲ ಸರ್," ಎಂದೆ.

"ಅರವತ್ಮೂರು ಜನಾನೂ ಓದಲ್ವಾ? ಇಷ್ಟು ವರ್ಷದಿಂದ ನೀವೇ ನೋಡ್ತಿದೀರ. ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತಿರುತ್ತೆ? ಯೋಚ್ನೆ ಮಾಡಿ ಹೇಳಿ. ಏನಾದ್ರೂ ತೆಗೀಬಹುದಾ, ಏನಾದ್ರೂ ಸೇರಿಸಬಹುದಾ ಅಂತ."

ನೋಡೋಣ ಎಂದು ತಲೆಯಾಡಿಸಿ ಬಂದೆ. ಒಂದು ತಿಂಗಳು ಬಾಯಿ ಬಿಡಲಿಲ್ಲ. ಅವರು ಎದುರು ಸಿಕ್ಕಾಗಲೆಲ್ಲ ಕೈಯಲ್ಲೊಂದು ಫೈಲು ಹಿಡಿದು ಅವಸರದಲ್ಲಿದ್ದವಳಂತೆ ಹೋಗುತ್ತಿದ್ದೆ. ಎರಡು ಸಾಲು ಹೇಳಿಬಿಟ್ಟರೆ ನನ್ನೆದುರಿನ ಕುರ್ಚಿಯಲ್ಲಿ ಇನ್ನು ಯಾರೂ ಕೂರುವುದಿಲ್ಲ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ನಾಲ್ಕು ವರ್ಷ ಗೋಡೆ ನೋಡಿಕೊಂಡು ಕೂರುವುದು ನನ್ನ ಕೈಲಿ ಆಗದ ಮಾತು ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಒಂದು ಕಾಗದ ಬಂತು. ಬರೆದವಳು ಆಸ್ಪತ್ರೆಯ ನರ್ಸು. ಮಕ್ಕಳಿಗೆ ಈಜು ಕಲಿಸುವ ಸಂಘ ಅವಳದು. ಒಂಬತ್ತನೇ ಕಲಮಿಗಾಗಿ ಆ ವರ್ಷ ಮೂರು ಸಲ ನನ್ನ ಹತ್ತಿರ ಬಂದಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದವಳು ಮೂರನೆಯ ಸಲ ನಾನು ಫೈಲು ಹುಡುಕುತ್ತಿದ್ದಾಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ನಾನು ಫ್ಯಾನನ್ನು ಅವಳ ಕಡೆ ತಿರುಗಿಸಿ, ಫೈಲು ಸಿಕ್ಕಿದರೂ ಇನ್ನೂ ಹುಡುಕುತ್ತಿರುವವಳಂತೆ ಇಪ್ಪತ್ತು ನಿಮಿಷ ಸುಮ್ಮನೆ ಕೂತಿದ್ದೆ. ನಿಜ ಹೇಳಬೇಕೆಂದರೆ ಆ ಇಪ್ಪತ್ತು ನಿಮಿಷ ನನಗೆ ಬಹಳ ಹಿತವಾಗಿತ್ತು. ಯಾರೋ ನನ್ನ ಹತ್ತಿರ ನಿಶ್ಚಿಂತೆಯಿಂದ ಮಲಗಿದ್ದರು.

ಕಾಗದದಲ್ಲಿ ನಾಲ್ಕೇ ಸಾಲು. ಸಹಾಯಧನ ಬರುವುದು ತಡವಾದ್ದರಿಂದ ಕೊಳದ ಬಾಡಿಗೆ ಕಟ್ಟಲಾಗಲಿಲ್ಲ, ನಮ್ಮ ಹೊತ್ತನ್ನು ಬೇರೆಯವರಿಗೆ ಕೊಟ್ಟರು, ಮಕ್ಕಳು ಚದುರಿ ಹೋದರು, ದಯವಿಟ್ಟು ನಮ್ಮ ಅರ್ಜಿಯನ್ನು ಕೈಬಿಡಿ. ಕೆಳಗೆ, "ನಿಮಗೆ ಬಹಳ ತೊಂದರೆ ಕೊಟ್ಟೆ ಮೇಡಂ, ಕ್ಷಮಿಸಿ" ಎಂದಿತ್ತು.

ಅವಳು ನನ್ನ ಕ್ಷಮೆ ಕೇಳಿದ್ದಳು. ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಮಧ್ಯಾಹ್ನದ ಊಟದ ಡಬ್ಬಿ ತೆಗೆಯಲಿಲ್ಲ. ಸೀದಾ ಬಾಣದ ಸಾಹೇಬರ ಕೋಣೆಗೆ ಹೋಗಿ ಬಿಳಿ ಹಲಗೆಯ ಮುಂದೆ ನಿಂತು, ಅವರ ಪೆನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು, ಎರಡು ಸಾಲು ಬರೆದೆ. ಸಣ್ಣಕ್ಷರದ ಸಾಲನ್ನೂ ಬರೆದು ಅದರ ಮೇಲೆ ಅಡ್ಡಗೀಟು ಎಳೆದೆ.

ಅವರು ಎರಡು ಸಲ ಓದಿದರು. "ಇಷ್ಟೇನಾ?" ಎಂದರು.

"ಇಷ್ಟೇ."

"ಎಷ್ಟ್ ವರ್ಷದಿಂದ ಗೊತ್ತಿತ್ತಮ್ಮಾ ನಿಮಗೆ?"

ನಾನು ಪೆನ್ನಿಗೆ ಮುಚ್ಚಳ ಹಾಕಿ ಅವರ ಮೇಜಿನ ಮೇಲಿಟ್ಟೆ. ಅವರು ಕೆದಕಲಿಲ್ಲ, ಆ ಮಟ್ಟಿಗೆ ದೊಡ್ಡ ಮನುಷ್ಯ.

ಮೂರು ತಿಂಗಳಲ್ಲಿ ಎಲ್ಲ ಬದಲಾಯಿತು. ಹದಿನಾಲ್ಕು ಪುಟ ನಾಲ್ಕಾಯಿತು. ಫೋನಿನಲ್ಲೇ ತುಂಬಬಹುದು, ಏನಾದರೂ ಬಿಟ್ಟುಹೋಗಿದ್ದರೆ ಆ ಜಾಗ ಕೆಂಪಾಗುತ್ತದೆ, ಸರಿಯಾದ ಮೇಲೆ ಹಸಿರಾಗುತ್ತದೆ. ಸಹಾಯಧನ ನಲವತ್ತು ದಿನದೊಳಗೆ ಸಂಘದ ಕೈ ಸೇರುತ್ತದೆ. ಮೇಲಿನ ಕಚೇರಿಯಿಂದ ಶಹಬ್ಬಾಸ್ ಬಂತು. ಸಾಹೇಬರು ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ "ಇದು ಇವರ ಕೆಲಸ" ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಗುಮುಖ ಮಾಡಿ ಕೂತೆ.

ಆಮೇಲೆ ಯಾರೂ ಬರಲಿಲ್ಲ. ಮೊದಲ ವಾರ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಕತ್ತೆತ್ತಿ ನೋಡುತ್ತಿದ್ದೆ. ನಾಲ್ಕನೇ ಮಹಡಿಗೆ ಹೋಗುವವರು. ಎರಡನೆಯ ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅರ್ಜಿಗಳಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ, ಆ ಹಾಳು ಕೆಂಪು ಬಣ್ಣ ನನಗಿಂತ ಮೊದಲೇ ಎಲ್ಲವನ್ನೂ ಹಿಡಿದುಬಿಡುತ್ತಿತ್ತು. ಒಂದು ದಿನ ಜವಾನ ಬಂದು, "ಅಕ್ಕಾ, ಪಕ್ಕದ್ ರೂಮಲ್ಲಿ ಕುರ್ಚಿ ಸಾಲ್ತಿಲ್ಲ. ಇದು ಹೆಂಗೂ ಖಾಲಿ ಇರುತ್ತಲ್ಲ, ಒಯ್ಲಾ?" ಎಂದು ಕೇಳಿದ.

"ಒಯ್ಯಪ್ಪಾ," ಎಂದೆ. ಬೇಡ ಎನ್ನುವುದಕ್ಕೆ ಕಾರಣ ಹೊಳೆಯಲಿಲ್ಲ.

ಹೊಸ ಅರ್ಜಿಯಲ್ಲಿ ಸಾಹೇಬರು ಒಂದು ಖಾನೆ ಸೇರಿಸಿದ್ದರು, ಸಂಘ ಮುಂದೆ ಆಡಲಿರುವ ಪಂದ್ಯ ಯಾವುದು ಎಂದು. ಬೀಗದವನ ಅರ್ಜಿ ಬಂದಾಗ ಆ ಖಾನೆಯಲ್ಲಿ "ಫೈನಲ್, ಭಾನುವಾರ, ಶಾಲಾ ಮೈದಾನ, ಬೆಳಿಗ್ಗೆ ಒಂಬತ್ತೂವರೆ" ಎಂದಿತ್ತು. ಫೈನಲ್! ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅಷ್ಟು ದೊಡ್ಡ ಸುದ್ದಿಯನ್ನು ಅವನು ನನಗೆ ಬಾಗಿಲಲ್ಲಿ ನಿಂತು ಹೇಳಬೇಕಿತ್ತು. ಪರದೆಯ ಮೇಲೆ ಓದಿಕೊಂಡೆ. ಅರ್ಜಿ ಸರಿಯಾಗಿತ್ತು, ಒಪ್ಪಿಗೆ ಒತ್ತಿದೆ.

ಭಾನುವಾರ ಒಳ್ಳೆಯ ಸೀರೆ ಉಟ್ಟು ಹೊರಟೆ. ಬಸ್ಸು ತಡವಾಗಿ ಬಂತು, ಮೈದಾನ ಮುಟ್ಟುವಾಗ ಹನ್ನೊಂದು ದಾಟಿತ್ತು. ಒಂದು ಬದಿಗೆ ಸಿಮೆಂಟಿನ ಮೆಟ್ಟಿಲು, ಅದರ ತುಂಬ ಜನ, ಗದ್ದಲ. ಮೇಲಿನ ಸಾಲಿನ ತುದಿಯಲ್ಲಿ ಜಾಗ ಸಿಕ್ಕಿತು. ನೆಟ್ಟು ನಾನಂದುಕೊಂಡಿದ್ದಕ್ಕಿಂತ ಎಷ್ಟೋ ಎತ್ತರವಿತ್ತು. ಎಡಗೈ ಸೋಲುವ ಹುಡುಗನನ್ನು ನೋಡಿದ ಕೂಡಲೇ ಗುರುತು ಹಿಡಿದೆ, ಮನೆಯವನನ್ನು ನೋಡಿದಷ್ಟು ಸಂತೋಷವಾಯಿತು. ಯಾರೋ ಹಲಗೆಯ ಮೇಲೆ ಅಂಕಿ ಮಗುಚುತ್ತಿದ್ದರು. ಬೀಗದವನ ಕಡೆ ಹದಿಮೂರು, ಆಚೆ ಹನ್ನೊಂದು. ಇನ್ನೂ ಅರ್ಧ ದಾರಿ ಎಂದು ಲೆಕ್ಕ ಹಾಕಿ ಆರಾಮಾಗಿ ಕೂತೆ.

ಗೆರೆಯ ಪಕ್ಕ ನಿಂತಿದ್ದ ಬೀಗದವನು ಹಿಂದಕ್ಕೆ ತಿರುಗಿದಾಗ ನನ್ನನ್ನು ಕಂಡ. ನಾನು ಕೈ ಬೀಸಿದೆ. ಅವನ ಮುಖ ಬಿಳುಚಿಕೊಂಡಿತು. ಪಕ್ಕದವನ ಕಿವಿಯಲ್ಲಿ ಏನೋ ಹೇಳಿ, ಎರಡೆರಡು ಮೆಟ್ಟಿಲು ಹಾರುತ್ತಾ ನನ್ನ ಹತ್ತಿರ ಬಂದ.

"ಏನ್ ಮೇಡಂ, ಇಲ್ಲೀವರ್ಗೂ ಬಂದ್ರಿ? ಅರ್ಜಿಯಲ್ಲಿ ಏನಾದ್ರೂ ತಪ್ಪಾಯ್ತಾ? ಹಸಿರು ಬಂದಿತ್ತಲ್ಲಾ?"

ಆಟ ನೋಡೋಕೆ ಬಂದೆ ಎಂದು ಹೇಳಬೇಕಿತ್ತು. ಅಷ್ಟು ಸಣ್ಣ ಮಾತು. ಹಾಗೆಂದರೆ ಅವನು "ಓ, ಸರಿ ಮೇಡಂ" ಎಂದು ಓಡಿಹೋಗುತ್ತಿದ್ದ. ಅವನ ಉಗುರಿನಲ್ಲಿ ಕಬ್ಬಿಣದ ಪುಡಿ ಹಾಗೇ ಇತ್ತು. ಎಂಟು ತಿಂಗಳಾಗಿತ್ತು ಒಬ್ಬರು ನನ್ನ ಪಕ್ಕ ಕೂತು ಮಾತಾಡಿ.

"ಒಂದ್ ಸಹಿ ಬಾಕಿ ಇತ್ತು," ಎಂದೆ.

"ಅಯ್ಯೋ, ಅದಕ್ಕೇನಂತೆ, ಕೊಡಿ ಮೇಡಂ."

ಪಕ್ಕದಲ್ಲಿ ಕೂತ. ನಾನು ಚೀಲದಲ್ಲಿ ಹುಡುಕಿದೆ. ಬೇಕೆಂದೇ ನಿಧಾನವಾಗಿ ಹುಡುಕಿದೆ. ಅವನ ಕಣ್ಣು ಮೈದಾನದ ಮೇಲೆ, ಕೈ ನನ್ನ ಕಡೆ ಚಾಚಿತ್ತು.

"ಮಂಡಿ ಹೇಗಿದೆ ಈಗ?"

"ಪರವಾಗಿಲ್ಲ ಮೇಡಂ."

"ಎಣ್ಣೆ ಹಚ್ತೀರಾ?"

"ಹ್ಞಾಂ ಮೇಡಂ."

ಬರೆಯದ ಒಂದು ಹಾಳೆ ಸಿಕ್ಕಿತು. ಪೆನ್ನು ಸಿಗಲಿಲ್ಲ, ಆಮೇಲೆ ಸಿಕ್ಕಿತು. ಅವನು ಹಾಳೆಯನ್ನು ತೊಡೆಯ ಮೇಲಿಟ್ಟು, ಏನು ಎತ್ತ ಎಂದು ಕೇಳದೆ, ಬಗ್ಗಿ ಸಹಿ ಮಾಡತೊಡಗಿದ. ಅವನದು ಉದ್ದನೆಯ ಸಹಿ, ತಂದೆಯ ಹೆಸರನ್ನೂ ಪೂರ್ತಿ ಬರೆಯುತ್ತಾನೆ. ಅರ್ಧ ಬರೆದಿದ್ದಾಗ ಇಡೀ ಮೈದಾನ ಒಂದೇ ಸಲ ಕೂಗಿಕೊಂಡಿತು.

ಅವನು ತಲೆಯೆತ್ತಿದ. ಕೆಳಗೆ ಅವನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು. ಹಲಗೆಯ ಮೇಲೆ ಹದಿನೈದು, ಹನ್ನೊಂದು.

"ಏನಾಯ್ತು? ಮುಗೀತಾ?" ಎಂದೆ. "ಇಪ್ಪತ್ತೈದು ಆಗ್ಲಿಲ್ವಲ್ಲಾ?"

"ಕೊನೇ ಸೆಟ್ ಹದಿನೈದೇ ಮೇಡಂ," ಎಂದ. "ನಿಮಗೆ ಹೇಳಿರ್ಲಿಲ್ಲ. ನಾವ್ ಯಾವತ್ತೂ ಅಲ್ಲೀವರ್ಗೂ ಹೋಗಿರ್ಲಿಲ್ಲ ನೋಡಿ."

ಸಿಟ್ಟಿರಲಿಲ್ಲ ಅವನಲ್ಲಿ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮತ್ತೆ ಬಗ್ಗಿ ಉಳಿದರ್ಧ ಸಹಿಯನ್ನು ಅಕ್ಷರ ಬಿಡದೆ ಮುಗಿಸಿ ಹಾಳೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಸರಿ ಇದ್ಯಾ ಮೇಡಂ? ಇನ್ನೇನೂ ಬೇಡ್ವಲ್ಲಾ?"

"ಸರಿ ಇದೆ. ಹೋಗಿ, ಹೋಗಿ," ಎಂದೆ.

ಅವನು ಇಳಿದು ಓಡಿದ. ಹತ್ತೊಂಬತ್ತು ವರ್ಷ ನಾನು ಮಾಡುತ್ತಾ ಬಂದದ್ದು ಇದನ್ನೇ, ಆಗ ಮೈದಾನ ಕಾಣುತ್ತಿರಲಿಲ್ಲ ಅಷ್ಟೇ. ಕೆಳಗೆ ಹುಡುಗರು ಅವನನ್ನು ಎತ್ತಿ ಹಾರಿಸಿದರು. ಎಡಗೈ ಸೋಲುವ ಹುಡುಗ ಗಂಟಲು ಹರಿಯುವಂತೆ "ಎಲ್ಲಿ ಹೋಗಿದ್ರಣ್ಣಾ? ಕೊನೇ ಹೊಡ್ತ ನೋಡಿದ್ರಾ?" ಎಂದು ಕೇಳುತ್ತಿದ್ದುದು ನನ್ನವರೆಗೂ ಕೇಳಿಸಿತು. ಬೀಗದವನು ಏನೋ ಹೇಳಿ ನನ್ನ ಕಡೆ ಕೈ ತೋರಿಸಿದ.

ಎಲ್ಲರೂ ಒಟ್ಟಿಗೆ ತಿರುಗಿದರು. ಒಬ್ಬ ಅಂಗಿ ಎಳೆದು ಸರಿ ಮಾಡಿಕೊಂಡ, ಇನ್ನೊಬ್ಬ ಹೆಗಲ ಮೇಲಿದ್ದವನನ್ನು ಕೆಳಗಿಳಿಸಿದ. ಆಫೀಸಿನವರು ಎದುರಿಗಿದ್ದಾಗ ಹೇಗೆ ನಿಲ್ಲುತ್ತಾರೋ ಹಾಗೆ ನಿಂತರು. ನಾನು ನಗಲು ನೋಡಿದೆ, ಅಷ್ಟು ದೂರಕ್ಕೆ ಅದು ಅವರಿಗೆ ಕಂಡಿರಲಾರದು. ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ನಾನು ಗೇಟು ದಾಟುವವರೆಗೂ ಅವರಲ್ಲಿ ಯಾರೂ ಮತ್ತೆ ಕೂಗಲಿಲ್ಲ.